ತಮ್ಮಾ, ಮೊದಲು ಆ ರಿಪೋರ್ಟ್ ತರಿಸು

ಗಂಗಾವತಿಯ ತಮ್ಮನೊಬ್ಬ ಕೇಳಿದ್ದಾನೆ: "ಅಕ್ಕಾ, ಅಮೆರಿಕಕ್ಕೆ ಬಂದು ಜಾಸ್ತಿ ದಿನ ಆಗಿಲ್ಲ. ಇಲ್ಲೇ ನ್ಯೂಜೆರ್ಸಿಯ ಅಂಗಡಿಯೊಂದರಲ್ಲಿ ಬಿಲ್ ಮಾಡಿಸದ ಸಾಮಾನು ಬ್ಯಾಗಿನಲ್ಲಿತ್ತು ಅಂತ ಕೇಸಾಯಿತು. 200 ಡಾಲರಿಗಿಂತ ಕಡಿಮೆ ಮಾಲು. ಮುನಿಸಿಪಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಈಗ ಎಡಿಸನ್ನಿನಲ್ಲಿ ಯಾರೂ ಬಾಡಿಗೆ ಮನೆ ಕೊಡುತ್ತಿಲ್ಲ. ಹೆಂಡತಿ ಬರೋ ಹೊತ್ತಾಯಿತು. ಏನು ಮಾಡಲಿ?"

ತಮ್ಮಾ, ನಾನು ಬಳ್ಳಾರಿ ಕೌಲ್‌ಬಜಾರಿನವಳು. ನನ್ನ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಕಾಲೇಜಿಗೆ ಹೋದರು. ಮೊದಲು ಧೈರ್ಯ ತಂದುಕೋ. ನಿನಗೆ ಮನೆ ಸಿಗುತ್ತದೆ.

ನಮ್ಮ ಕಡೆ "ಯಾವೂರು, ಯಾರ ಪೈಕಿ" ಅಂತ ಕೇಳುತ್ತಾರೆ. ಗೊತ್ತಿದ್ದವರು ಒಬ್ಬರು "ನಮ್ಮ ಹುಡುಗ" ಅಂದರೆ ಮನೆ ಸಿಕ್ಕ ಹಾಗೇ. ಇಲ್ಲಿಯ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಗಿಲ್ಲ. ಕಂಪನಿಯೊಂದು ನಿನ್ನ ಹೆಸರು, ಹುಟ್ಟಿದ ದಿನ ಹಾಕಿ ಕೋರ್ಟ್ ದಾಖಲೆ, ಕ್ರೆಡಿಟ್ ಎಲ್ಲ ಹುಡುಕಿ ರಿಪೋರ್ಟ್ ಕಳಿಸುತ್ತದೆ. ತೀರ್ಮಾನ ಅದರ ಮೇಲೆಯೇ. ಅದರಲ್ಲಿ ಏನಿದೆ ಅಂತ ನೋಡದೆ ಮತ್ತೆ ಮತ್ತೆ ಅರ್ಜಿ ಹಾಕಿದರೆ ಫೀಸು ದಂಡ ಅಷ್ಟೇ.

ರಿಪೋರ್ಟ್ ನೋಡಿ ಮನೆ ಇಲ್ಲ ಅಂದವರು ಅದು ಯಾವ ಕಂಪನಿಯದು ಅಂತ ನಿನಗೆ ತಿಳಿಸಲೇಬೇಕು. 60 ದಿನದೊಳಗೆ ಕೇಳಿದರೆ ಆ ಕಂಪನಿ ಪುಕ್ಕಟೆ ಪ್ರತಿ ಕೊಡಬೇಕು. ತಪ್ಪಿದ್ದರೆ ತಕರಾರು ಹಾಕು, ಸಾಮಾನ್ಯವಾಗಿ 30 ದಿನದಲ್ಲಿ ಅವರು ಪರಿಶೀಲಿಸಬೇಕು. ಇದು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಕೊಟ್ಟ ಹಕ್ಕು.

ಸಿಂಧನೂರಿನ ಒಬ್ಬ ಹುಡುಗನ ರಿಪೋರ್ಟನ್ನು ನಮ್ಮ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದು ನೆನಪಿದೆ. ಇದ್ದದ್ದು ಒಂದೇ ಕೇಸು. ಆದರೆ ಪೊಲೀಸರು ಹಿಡಿದದ್ದು ಒಂದು ಸಾಲು, ಕೋರ್ಟಿನ ತೀರ್ಪು ಇನ್ನೊಂದು ಸಾಲು. ಒಂದರಲ್ಲಿ ಅಪ್ಪನ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ನೋಡಿದವರಿಗೆ ಎರಡು ಕೇಸು! ಎರಡೂ ಕಡೆ ಕೇಸ್ ನಂಬರ್ ಒಂದೇ ಇತ್ತು. ಅದಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಕೋರ್ಟಿನ ಮುದ್ರೆಯಿದ್ದ ತೀರ್ಪಿನ ಪ್ರತಿ ಜೊತೆಗಿಟ್ಟು ಕಳಿಸಿದ. ಒಂದು ಸಾಲು ತೆಗೆದರು. ನಮ್ಮ ಹೆಸರುಗಳಲ್ಲಿ ಇಂಥ ಗೊಂದಲ ಆಗೋದು ಸುಲಭ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ನ್ಯೂಜೆರ್ಸಿಯಲ್ಲಿ 2022ರ ಜನವರಿ 1ರಿಂದ ಫೇರ್ ಚಾನ್ಸ್ ಇನ್ ಹೌಸಿಂಗ್ ಆ್ಯಕ್ಟ್ ಜಾರಿಯಲ್ಲಿದೆ. ಮನೆ ಕೊಡುತ್ತೇವೆ ಅಂತ ಷರತ್ತಿನ ಮೇಲೆ ಒಪ್ಪುವ ತನಕ ಮಾಲೀಕರು ನಿನ್ನ ಹಳೇ ಕೇಸಿನ ಬಗ್ಗೆ ಕೇಳುವ ಹಾಗಿಲ್ಲ. ಆಮೇಲೂ ಇಂಡೈಟಬಲ್ ಅನ್ನುವ ದೊಡ್ಡ ಅಪರಾಧಗಳನ್ನು ಮಾತ್ರ, ಅದೂ ಅಪರಾಧದ ಮಟ್ಟ ನೋಡಿ ಒಂದು, ನಾಲ್ಕು ಅಥವಾ ಆರು ವರ್ಷದ ಮಿತಿಯೊಳಗೆ, ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ನಿನ್ನದು ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್ ಅನ್ನುವ ಚಿಕ್ಕ ಅಪರಾಧ, ಆ ಪಟ್ಟಿಗೇ ಬರುವುದಿಲ್ಲ. ಕೊಲೆಯಂಥ ಅತಿ ಗಂಭೀರ ಅಪರಾಧಗಳಿಗೆ ಈ ಮಿತಿ ಇಲ್ಲ. ಲೈಂಗಿಕ ಅಪರಾಧಕ್ಕೆ ಜೀವನಪೂರ್ತಿ ನೋಂದಣಿ ಆದವರಿಗೂ ಈ ರಕ್ಷಣೆ ಇಲ್ಲ, ಅವರನ್ನು ಮೊದಲೇ ಕೇಳಬಹುದು. ಅವರ ಕಷ್ಟ ಬೇರೆಯೇ ಮಟ್ಟದ್ದು.

ಹಾಗಾಗಿ ಯಾಕೆ ಬೇಡ ಅಂದರು ಅಂತ ಬರವಣಿಗೆಯಲ್ಲಿ ಕೇಳು. ಕೇಸೇ ಕಾರಣ ಅಂದರೆ ರಾಜ್ಯದ ಡಿವಿಜನ್ ಆನ್ ಸಿವಿಲ್ ರೈಟ್ಸ್‌ಗೆ ದೂರು ಕೊಡಬಹುದು. ಆದರೆ ಹೊಸದಾಗಿ ಬಂದವನಿಗೆ ಕ್ರೆಡಿಟ್ ಸ್ಕೋರ್ ಇಲ್ಲದ್ದೂ ಕಾರಣ ಇರಬಹುದು, ಅಲ್ವಾ? ಹಾಗಿದ್ದರೆ ಕೆಲಸದ ಪತ್ರ, ಸಂಬಳದ ಸ್ಲಿಪ್ಪು ಕೊಡು. ಅಡ್ವಾನ್ಸ್ ಮಾತ್ರ ಒಂದೂವರೆ ತಿಂಗಳ ಬಾಡಿಗೆ ಮೀರಬಾರದು.

ಮಾಲೀಕರೂ ಅಲ್ಲೇ ಇರುವ, ನಾಲ್ಕು ಮನೆ ಮೀರದ ಕಟ್ಟಡಕ್ಕೆ ಈ ಕೇಸಿನ ಕಾನೂನು ಹತ್ತುವುದಿಲ್ಲ. ಅಲ್ಲಿ ನಮ್ಮೂರಿನ ರೀತಿಯೇ ನಡೆಯುತ್ತದೆ. ಗೊತ್ತಿರುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ದುಡ್ಡು ಕೊಡುವ ಮುಂಚೆ ಆದದ್ದನ್ನು ನೀನೇ ಹೇಳು. ಅಂಜುವ ಜನ ಇದ್ದಾರೆ, ಒಪ್ಪುವ ಜನರೂ ಇದ್ದಾರೆ. ಗೆಳೆಯನ ಹೆಸರಿನಲ್ಲಿ ಅಗ್ರಿಮೆಂಟ್ ಮಾಡಿಸಿ ನೀನು ಸುಮ್ನೆ ಒಳಗೆ ಸೇರಿಕೊಳ್ಳೋದು ಮಾತ್ರ ಬೇಡ. ಗೊತ್ತಾದರೆ ಇಬ್ಬರಿಗೂ ಮನೆ ಹೋಗುತ್ತದೆ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರವೂ ಬೇಡ.

ಮನೆಗಿಂತ ದೊಡ್ಡ ಚಿಂತೆ ನನಗೆ ನಿನ್ನ ವೀಸಾದ್ದು. ಕಳ್ಳತನದ ಕೇಸು ಚಿಕ್ಕದಾದರೂ ಇಮಿಗ್ರೇಷನ್‌ನವರು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ದಾಖಲೆ ಅಳಿಸಿಕೊಂಡರೂ ಅವರ ಲೆಕ್ಕದಲ್ಲಿ ಅದು ಅಳಿಯುವುದಿಲ್ಲ. ಊರಿಗೆ ಟಿಕೆಟ್ ತೆಗೆಯುವ ಮುಂಚೆ ಇಮಿಗ್ರೇಷನ್ ವಕೀಲರನ್ನು ನೋಡು. ಮನೆ ಬದಲಾಯಿಸಿದ 10 ದಿನದೊಳಗೆ ಇಮಿಗ್ರೇಷನ್‌ನವರಿಗೆ ಹೊಸ ವಿಳಾಸ ತಿಳಿಸೋದನ್ನೂ ಮರೆಯಬೇಡ.

ಅಪ್ಪನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟದ್ದು. ಹೆಂಡತಿಗೆ ಮಾತ್ರ ಅವಳು ಅಲ್ಲಿಂದ ಹೊರಡುವ ಮುಂಚೆಯೇ ಹೇಳು. ರಿಪೋರ್ಟ್ ಕೈಗೆ ಬಂದ ಮೇಲೆ ನನಗೆ ತಿಳಿಸು, ಕೂತು ಒಂದೊಂದೇ ಸಾಲು ನೋಡೋಣ.