ಮಳೆಗೆ ಮೊದಲು ಬಾಗಿಲು ಆಗಬೇಕು

ಬೇಸಿಗೆ ರಜೆ ಸಿಕ್ಕಿದ ಕೂಡಲೇ ಊರಿಗೆ ಹೋಗಿ ಮರದ ಕೆಲಸಕ್ಕೆ ಯಾಕೆ ನಿಲ್ಲುತ್ತೀರಿ ಮೇಷ್ಟ್ರೇ, ಅಲ್ಲಿ ಎಲ್ಲ ಮಲಯಾಳವೇ ಅಲ್ವಾ ಎಂದು ನೀವು ಕೇಳಿದ್ದಿರಿ. ಎರಡು ಪೀರಿಯಡ್ ನಡುವೆ ಹೇಳಿ ಮುಗಿಸುವ ಮಾತಲ್ಲ ಅದು. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮೂರು ಕಾಸರಗೋಡು ಜಿಲ್ಲೆಯ ಮಂಜೇಶ್ವರಕ್ಕೂ ಕುಂಬಳೆಗೂ ನಡುವೆ. ಪೂರ್ವಕ್ಕೆ ಹೆದ್ದಾರಿ, ಪಶ್ಚಿಮಕ್ಕೆ ರೈಲು ಹಳಿ. ಹಳಿ ದಾಟಿದರೆ ತೆಂಗಿನ ತೋಟ, ಆಮೇಲೆ ಕಡಲು. ಆ ತೋಟದ ತುದಿಯಲ್ಲಿ ನನ್ನ ಸೋದರಮಾವನ ಮರಗೆಲಸದ ಶೆಡ್ಡು. 1956ರ ನವೆಂಬರ್ 1ರ ತನಕ ಇದೆಲ್ಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಆ ದಿನದಿಂದ ಕೇರಳ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಇಷ್ಟು ನಿಮಗೂ ಗೊತ್ತು. ನಮ್ಮ ದಿನ ಹೇಗೆ ಸಾಗುತ್ತದೆ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಬೇಸಿಗೆ ಅಂದರೆ ಮಳೆಗೆ ಮುಂಚಿನ ಗಡಿಬಿಡಿ. ಕೇರಳಕ್ಕೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ 1ರ ಆಸುಪಾಸಿಗೆ. ಅಷ್ಟರೊಳಗೆ ಬಾಗಿಲು ಕೂತಿರಬೇಕು, ಕಿಟಕಿಗೆ ರೆಕ್ಕೆ ಬಂದಿರಬೇಕು, ಪಾಲಿಶ್ ಒಣಗಿರಬೇಕು. ಮಳೆಗಾಲದ ಹಸಿ ಗಾಳಿಯಲ್ಲಿ ಪಾಲಿಶ್ ಹಚ್ಚಿದರೆ ಅದು ಬಿಳಿಚಿಕೊಂಡು ಮಸುಕಾಗುತ್ತದೆ. ಮತ್ತೆ ಕೆರೆದು ಹಚ್ಚುವುದೇ ಗತಿ. ಉಪ್ಪಳ, ಕುಂಬಳೆ ಕಡೆ ಗಲ್ಫಿನ ದುಡಿಮೆಯಿಂದ ಕಟ್ಟುವ ಮನೆಗಳು ಜಾಸ್ತಿ. ಗಲ್ಫಿನಲ್ಲಿ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟಿನಲ್ಲಿ. ಮನೆಯವರು ಮಕ್ಕಳನ್ನು ಕರೆದುಕೊಂಡು ಬರುವುದೂ ಆಗಲೇ, ಧೋ ಎನ್ನುವ ಮಳೆಯಲ್ಲಿ. ಅವರು ಬಂದು ಬೀಗ ತೆಗೆಯಬೇಕಾದ ಬಾಗಿಲನ್ನು ನಾವು ಮೇ ಬಿಸಿಲಿನಲ್ಲಿ ಮುಗಿಸಬೇಕು. ಹಾಗಾಗಿ ಈ ಸಮಯದಲ್ಲಿ ಎಷ್ಟು ಕೈ ಇದ್ದರೂ ಸಾಲದು. ಬರ್ತಿಯಾ ಎಂದು ಮಾವ ಕೇಳುವುದಿಲ್ಲ. ಬೆಳಗಿನ ಬಸ್ಸೋ ರಾತ್ರಿಯದೋ ಎಂದಷ್ಟೇ ಕೇಳುತ್ತಾರೆ.

ಇಲ್ಲಿನ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಪಾಠ ಒಂದಿದೆ. ಮೇ ತಿಂಗಳಲ್ಲಿ ಬಾಗಿಲು ದಾರಂದಕ್ಕೆ ಗಟ್ಟಿಯಾಗಿ, ಚಂದವಾಗಿ ಕೂತರೆ ಮಾವನಿಗೆ ಖುಷಿ ಆಗುವುದಿಲ್ಲ. ಕೀಸು ಅನ್ನುತ್ತಾರೆ. ಈಗ ಬಿಗಿಯಾದದ್ದು ಜುಲೈಯಲ್ಲಿ ತೆರೆಯುವುದೇ ಇಲ್ಲ. ಮರ ತೇವ ಹೀರಿದರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಅದಕ್ಕೆ ಬಾಗಿಲಿನ ಚೌಕಟ್ಟಿನ ಒಳಗೆ ಕೂರುವ ಹಲಗೆಗಳಿಗೆ ನಾವು ಅಂಟು ಹಾಕುವುದಿಲ್ಲ. ಗಾಡಿ ಎನ್ನುವ ಉದ್ದ ಸೀಳು ಕೊರೆದು ಸುಮ್ನೆ ಕೂರಿಸುತ್ತೇವೆ. ಮಳೆಗಾಲದಲ್ಲಿ ಅವು ಹಿಗ್ಗಲಿ, ಬೇಸಿಗೆಯಲ್ಲಿ ಕುಗ್ಗಲಿ, ಚೌಕಟ್ಟು ಒಡೆಯಬಾರದು. ಎಷ್ಟು ಸಂದು ಬಿಡಬೇಕು ಅನ್ನುವುದು ಯಾವ ಟೇಪಿನಲ್ಲೂ ಇಲ್ಲ. ಮರ ಯಾವುದು, ಎಷ್ಟು ಒಣಗಿದೆ, ಬಾಗಿಲು ಪಡುಗಡೆಗೆ ಮುಖ ಮಾಡುತ್ತದೋ ಮೂಡುಗಡೆಗೋ, ಇದನ್ನೆಲ್ಲ ನೋಡಿ ಹೇಳಬೇಕು. ಮಾವ ಹೇಳುತ್ತಾರೆ. ನಾನು ಇನ್ನೂ ಅವರನ್ನು ಕೇಳಿಯೇ ಕೀಸುವುದು.

ಮರದಲ್ಲಿ ನಮ್ಮ ಕಡೆ ಹಲಸಿಗೆ ದೊಡ್ಡ ಮರ್ಯಾದೆ. ಕೊಯ್ದಾಗ ಹಳದಿ, ವರ್ಷ ಕಳೆದ ಹಾಗೆ ಕಂದು. ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ದೇವರ ಮಂಟಪ, ತೊಟ್ಟಿಲು, ಚೆಂಡೆಯ ಗೂಡು, ಊಟದ ಮಣೆ ಎಲ್ಲದಕ್ಕೂ ಹಲಸೇ. ಹೆಬ್ಬಲಸಿನಲ್ಲಿ ಮೊದಲೆಲ್ಲ ದೋಣಿ ಮಾಡುತ್ತಿದ್ದರು. ಈಗ ದೋಣಿ ಫೈಬರಿನದ್ದು. ಹಳೇ ಮನೆ ಕೆಡವಿದಾಗ ಕಿರಾಲುಬೋಗಿ ಎಂಬ ಗಟ್ಟಿ ಮರದ ತೊಲೆ ಸಿಕ್ಕಿದರೆ ಶೆಡ್ಡಿಗೆ ಹಬ್ಬ. ಆದರೆ ಗರಗಸದ ಹಲ್ಲಿಗೆ ಅದು ಕಷ್ಟ. ತೇಗಕ್ಕೆ ದುಡ್ಡೂ ಜಾಸ್ತಿ, ತಾಪತ್ರಯವೂ ಜಾಸ್ತಿ. ಗಡಿ ದಾಟಿಸುವುದಾದರೆ ಅರಣ್ಯ ಇಲಾಖೆಯ ಪಾಸ್ ಬೇಕು. ಗಡಿಯ ತಲಪಾಡಿ ನಮಗೆ ಹತ್ತಿರ, ಮಂಗಳೂರಿನಲ್ಲಿ ಗಿರಾಕಿಗಳೂ ಇದ್ದಾರೆ. ಆದರೂ ತೇಗದ ಬಾಗಿಲು ಎಂದರೆ ಮಾವ ಮೊದಲು ಮನೆ ಎಲ್ಲಿ ಎಂದು ಕೇಳುತ್ತಾರೆ.

ಕಡಲ ಬದಿಯ ಶೆಡ್ಡಿಗೆ ಅದರದೇ ಕಟ್ಟಳೆ ಇದೆ. ಬೆಳಿಗ್ಗೆ ಗಾಳಿ ಇರುವುದಿಲ್ಲ. ಪಾಲಿಶ್ ಏನಿದ್ದರೂ ಆಗಲೇ ಮುಗಿಸಬೇಕು. ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಎದ್ದು ಮರಳಿನ ಹುಡಿಯನ್ನೂ ಉಪ್ಪನ್ನೂ ತಂದು ಹಸಿ ಪಾಲಿಶಿಗೆ ಮೆತ್ತುತ್ತದೆ. ಕಬ್ಬಿಣದ ಮೊಳೆ ಇಲ್ಲಿ ಬಾಳುವುದಿಲ್ಲ. ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕಪ್ಪು ಮಾಡುತ್ತದೆ. ಅದಕ್ಕೆ ಹಿತ್ತಾಳೆಯ ಸ್ಕ್ರೂ, ಹಿತ್ತಾಳೆಯ ಕೀಲು, ಆದಷ್ಟು ಕಡೆ ಮರದ್ದೇ ಗೂಟ. ಉಳಿ, ಕೀಸುಳಿಗಳಿಗೆ ಸಂಜೆ ತೆಂಗಿನೆಣ್ಣೆ ಸವರಿ ಇಡಬೇಕು. ಎಣ್ಣೆ ಸವರದೆ ಮನೆಗೆ ಹೋಗುವುದನ್ನು ಮಾವ ಯಾರಿಗೂ ಬಿಟ್ಟಿಲ್ಲ, ನನಗೂ.

ಇನ್ನು ಎಲ್ಲ ಮಲಯಾಳವೇ ಅಲ್ವಾ ಎಂದದ್ದಕ್ಕೆ. ಅಲ್ಲ. ಮಾವ ನನ್ನ ಹತ್ತಿರ ತುಳು ಮಾತನಾಡುತ್ತಾರೆ, ಲೆಕ್ಕದ ಪುಸ್ತಕ ಕನ್ನಡದಲ್ಲಿ ಬರೆಯುತ್ತಾರೆ. ಮಿಲ್ಲಿನಿಂದ ಮರ ತರುವವರು ಬ್ಯಾರಿ ಮಾತಿನವರು. ಪಾಲಿಶಿನವರು ಕಾಞಂಗಾಡಿನ ಕಡೆಯವರು, ಅವರ ಹತ್ತಿರ ಮಲಯಾಳ. ಉಜ್ಜುವ ಕೆಲಸಕ್ಕೆ ಉತ್ತರ ಪ್ರದೇಶದ ಹುಡುಗರಿದ್ದಾರೆ, ಅವರಿಗೆ ಹಿಂದಿ. ಕೊಂಕಣಿಯ ಗಿರಾಕಿ ಬಂದರೆ ಮಾವನಿಗೆ ಅದೂ ಬರುತ್ತದೆ. ಅಳತೆಯೂ ಹಾಗೆಯೇ. ಇಂಚಿನಲ್ಲಿ ಹೇಳುವವರಿದ್ದಾರೆ. ವಾಸ್ತು ನೋಡುವವರು ಕೋಲಿನಲ್ಲಿ ಕೇಳುತ್ತಾರೆ. ಕೇರಳದ ಲೆಕ್ಕದಲ್ಲಿ ಒಂದು ಕೋಲು ಎಂದರೆ 24 ಅಂಗುಲ, ಹೆಚ್ಚುಕಮ್ಮಿ 72 ಸೆಂಟಿಮೀಟರ್. ಅದಕ್ಕೆಂದೇ ಬೇರೆ ಟೇಪು ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಶೆಡ್ಡಿನ ಮೊಳೆಗೆ ಎರಡೂ ನೇತಾಡುತ್ತವೆ.

ಗಡಿ ನಮಗೆ ಎದುರಾಗುವುದು ಕ್ಯಾಲೆಂಡರಿನಲ್ಲಿ. ಕೇರಳದ ಶಾಲೆಗಳಿಗೆ ಮಾರ್ಚ್ ಕೊನೆಗೇ ರಜೆ. ನನ್ನಂತೆ ಕರ್ನಾಟಕದಲ್ಲಿ ಪಾಠ ಮಾಡುವವರಿಗೆ ಏಪ್ರಿಲ್ ಎರಡನೇ ವಾರ ಬರಬೇಕು. ನಾನು ತಲುಪುವಾಗ ಊರಿನ ಮಕ್ಕಳಿಗೆ ರಜೆಯ ಹೊಸತನ ಹೋಗಿರುತ್ತದೆ. ನಾನು ಮೇ ಕೊನೆಗೆ ಹೊರಡುವಾಗ ಅವರಿನ್ನೂ ಹಲಸಿನ ಹಣ್ಣು ಕುಯ್ಯುತ್ತಾ ಇರುತ್ತಾರೆ. ಮೀನುಗಾರಿಕೆಗೂ ಹಾಗೆಯೇ. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ 61 ದಿನ ರಜೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಶುರುವಾಗುವುದು ಜೂನ್ 9ರ ನಡುರಾತ್ರಿ, 52 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ಕಡಲು ಒಂದೇ, ಮೀನೂ ಅದೇ. ಬೋಟು ದಡ ಸೇರಿದ ಮೇಲೆ ರಿಪೇರಿ ಕೆಲಸ ಬರುತ್ತದೆ. ಮನೆ ಕಟ್ಟುವ ಕೆಲಸ ನಿಂತ ಕೂಡಲೇ ಹೊಟ್ಟೆಪಾಡಿಗೆ ಅದು ಆಧಾರ.

ಒಂದು ಮಾತು ನನಗೆ ಮುಖ್ಯ. ಶೆಡ್ಡಿಗೆ ರಜೆಯಲ್ಲಿ ಬರುವ ಹುಡುಗರಲ್ಲಿ ಕನ್ನಡ ಮಾಧ್ಯಮದವರೂ ಇದ್ದಾರೆ. ಓದಿನಲ್ಲಿ ಚುರುಕು. ಆದರೆ ಕಚೇರಿಗೆ ಹೋದರೆ ಅರ್ಜಿಯ ನಮೂನೆ ಮಲಯಾಳದಲ್ಲಿ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಕನ್ನಡದಲ್ಲಿ ತುಂಬಿಸಿಕೊಟ್ಟ ಅರ್ಜಿ ಒಂದು ಕಡೆಯಿಂದ ಹಾಗೇ ವಾಪಸ್ ಬಂತು. ಅವನು ಮಲಯಾಳ ಚೆನ್ನಾಗಿ ಮಾತನಾಡುತ್ತಾನೆ, ಬರೆಯಲು ಕಲಿತಿಲ್ಲ ಅಷ್ಟೇ. ಊಟದ ಹೊತ್ತಿನಲ್ಲಿ, ಕುಚ್ಚಲಕ್ಕಿ ಗಂಜಿ ಮುಗಿಸಿ, ಪಾಲಿಶಿನವರು ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅವನಿಗೆ ಮಲಯಾಳ ಅಕ್ಷರ ಬರೆಸಿದರು. ಅವನು ಅವರಿಗೆ ಕನ್ನಡದ್ದು ಬರೆಸಿದ. ಯಾರೂ ಹೇಳಿ ಮಾಡಿಸಿದ್ದಲ್ಲ. ಎರಡೂ ಬಂದರೆ ಇಬ್ಬರಿಗೂ ಲಾಭವೇ. ಆದರೆ ಕನ್ನಡದಲ್ಲಿ ಬರೆದದ್ದನ್ನು ತೆಗೆದುಕೊಳ್ಳಬೇಕಾದ ಜಾಗದಲ್ಲಿ ತೆಗೆದುಕೊಳ್ಳಲೇಬೇಕು. ಆ ಹುಡುಗನ ಊರು ಅದು, ಅವನು ಎಲ್ಲಿಂದಲೋ ಬಂದವನಲ್ಲ. ನಾನು ಪ್ರತಿ ಬೇಸಿಗೆ ಹೋಗುವುದಕ್ಕೆ ಇದೂ ಕಾರಣ. ಉಳಿ ಹಿಡಿಯುವುದನ್ನು ಮಾವ ಕಲಿಸುತ್ತಾರೆ. ಸಂಜೆ ಕೂತು ಅರ್ಜಿ, ಪರೀಕ್ಷೆ, ಲೆಕ್ಕ ನೋಡುವುದು ನನ್ನಿಂದ ಆಗುತ್ತದೆ.

ನೀವೂ ಬನ್ನಿ. ಮಂಗಳೂರಿನ ತನಕ ಬಸ್ಸು, ಅಲ್ಲಿಂದ ಕಾಸರಗೋಡಿಗೆ ಕರ್ನಾಟಕದ್ದೂ ಕೇರಳದ್ದೂ ಸರಕಾರಿ ಬಸ್ಸುಗಳಿವೆ, ಯಾವುದಾದರೂ ಆಗುತ್ತದೆ. ಮೇ ಎರಡನೇ ವಾರದೊಳಗೆ ಬಂದರೆ ಒಳ್ಳೆಯದು. ಆಮೇಲೆ ಮಾವನಿಗೆ ಮಾತನಾಡಲೂ ಪುರುಸೊತ್ತು ಇರುವುದಿಲ್ಲ. ನಿಮ್ಮ ಮನೆಯವರಿಗೆ ತೆಂಗಿನಕಾಯಿ ತುರಿಯುವ ಹೆರೆಮಣೆ ಬೇಕಿದ್ದರೆ ಈಗಲೇ ಹೇಳಿ, ಒಣಗಿದ ಹಲಸಿನ ತುಂಡು ಎತ್ತಿಡಲು ಮಾವನಿಗೆ ಫೋನ್ ಮಾಡುತ್ತೇನೆ.