ಬಿಎಸ್ಸಿ ಓದುವವರು ಬೆಂಗಳೂರಿನ ಭೌತಶಾಸ್ತ್ರ ಸೆಮಿನಾರ್‌ಗಳಿಗೆ ಹೋಗಬಹುದಾ? ಹೋದರೆ ಏನಾದರೂ ಅರ್ಥವಾಗುತ್ತದಾ?

ಸಾಗರದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ, ಬೆಂಗಳೂರಿನ ಸಂಸ್ಥೆಗಳ ಮುಂಬರುವ ಸೆಮಿನಾರ್‌ಗಳ ಪಟ್ಟಿ ನೋಡಿದರೆ ಒಂದು ಶೀರ್ಷಿಕೆಯೂ ಅರ್ಥವಾಗುವುದಿಲ್ಲ, ರಜೆಯಲ್ಲಿ ಬಂದರೆ ಒಳಗೆ ಬಿಡುತ್ತಾರಾ ಅಂತ ಕೇಳಿದ್ದೀರಿ.

ಸಾಮಾನ್ಯವಾಗಿ ಬಿಡುತ್ತಾರೆ. ಗೇಟಿನಲ್ಲಿ ಕಾಲೇಜಿನ ಗುರುತಿನ ಚೀಟಿ ತೋರಿಸಿ, ರಿಜಿಸ್ಟರ್‌ನಲ್ಲಿ ಹೆಸರು ಬರೆಯಬೇಕಾಗಬಹುದು. ಅನುಮಾನವಿದ್ದರೆ ಸೂಚನೆಯಲ್ಲಿ ಕರೆಸುತ್ತಿರುವ ಪ್ರಾಧ್ಯಾಪಕರ ಹೆಸರು ಇರುತ್ತದೆ, ಅವರಿಗೆ ಎರಡು ಸಾಲಿನ ಇಮೇಲ್ ಹಾಕಿ. ಇನ್ನು ಅರ್ಥವಾಗುವ ಮಾತು. ಮೊದಲ ಹದಿನೈದು ನಿಮಿಷ ಅರ್ಥವಾಗುತ್ತದೆ. ಅಷ್ಟಕ್ಕೆ ಸಾಗರದಿಂದ ಬರಬೇಕಾ? ಬನ್ನಿ, ಆದರೆ ಆರಿಸಿಕೊಂಡು ಬನ್ನಿ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸಂಶೋಧನೆ ಮಾಡಿದವನಲ್ಲ. ಸುಮ್ನೆ ಆಸೆಗೆ ಹೋಗಿ ಕೂರುವವನು. ಮೊದಲ ಸಲ ಹೋಗಿದ್ದು ಟೊಪಾಲಾಜಿಕಲ್ ಇನ್ಸುಲೇಟರ್ ಬಗ್ಗೆ, ಅಂದರೆ ಒಳಗೆ ವಿದ್ಯುತ್ ಹರಿಯದೆ ಮೇಲ್ಮೈಯಲ್ಲಿ ಮಾತ್ರ ಹರಿಯುವ ವಸ್ತುಗಳ ಬಗ್ಗೆ. ಉತ್ಸಾಹದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ಐದನೇ ಸ್ಲೈಡ್‌ಗೆ ದಾರಿ ತಪ್ಪಿತು. ಉಳಿದ ನಲವತ್ತು ನಿಮಿಷ ತಲೆ ಆಡಿಸುತ್ತಾ ನಿದ್ದೆ ತಡೆದುಕೊಂಡೆ. ಆಮೇಲೆ ಚಹಾದ ಹೊತ್ತಿನಲ್ಲಿ ಪಕ್ಕದಲ್ಲಿದ್ದ ಪಿಎಚ್‌ಡಿ ವಿದ್ಯಾರ್ಥಿನಿಗೆ ಸಂಕೋಚದಿಂದಲೇ ಹೇಳಿಕೊಂಡೆ. ಆಕೆ ನಕ್ಕು, "ನನಗೂ ಅರ್ಧದ ನಂತರ ಹೋಯ್ತು ಸಾರ್, ಅದು ನನ್ನ ಏರಿಯಾ ಅಲ್ಲ" ಅಂದರು. ಅಲ್ಲಿಗೆ ನನ್ನ ಭಯ ಅರ್ಧ ಇಳಿಯಿತು.

ಪಟ್ಟಿಯಲ್ಲಿರುವುದೆಲ್ಲ ಒಂದೇ ಜಾತಿಯ ಮಾತಲ್ಲ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಲೋಕ್ವಿಯಂ ಅಂತ ಇದ್ದರೆ ಅದು ಇಡೀ ವಿಭಾಗಕ್ಕೆ. ಲೇಸರ್ ಕೆಲಸದವರೂ ನಕ್ಷತ್ರ ನೋಡುವವರೂ ಒಟ್ಟಿಗೆ ಕೂತಿರುತ್ತಾರೆ. ಹಾಗಾಗಿ ಮಾತಾಡುವವರು ಶುರುವಿನಲ್ಲಾದರೂ ಎಲ್ಲರಿಗೂ ತಿಳಿಯುವಂತೆ ಹೇಳಲೇಬೇಕು. ಬರೀ ಸೆಮಿನಾರ್ ಅಂದರೆ ಆ ಒಂದು ಗುಂಪಿನವರಿಗೆ. ಜರ್ನಲ್ ಕ್ಲಬ್, ಅಂದರೆ ಹೊಸ ಪ್ರಬಂಧವೊಂದನ್ನು ಓದಿ ಚರ್ಚಿಸುವ ಕೂಟ, ಸದ್ಯಕ್ಕೆ ಬೇಡ. ನನ್ನ ಪ್ರಕಾರ ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು ಥೀಸಿಸ್ ಕಲೋಕ್ವಿಯಂ ಅಥವಾ ಥೀಸಿಸ್ ಡಿಫೆನ್ಸ್. ಐದಾರು ವರ್ಷ ಒಂದೇ ವಿಷಯದ ಹಿಂದೆ ಬಿದ್ದ ವಿದ್ಯಾರ್ಥಿ ಅದನ್ನು ಮೊದಲಿನಿಂದ ಬಿಡಿಸಿ ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮನೂ ಬಂದು ಕೂತಿರುವುದುಂಟು.

ಪಟ್ಟಿ ನೋಡಿ ಹತ್ತು ವಿಷಯಕ್ಕೆ ಕೈ ಹಾಕಬೇಡಿ. ಒಂದನ್ನು ಹಿಡಿದು ವರ್ಷವಿಡೀ ಅದರ ಹಿಂದೆ ಹೋಗಿ. ನಾನು ಹಿಡಿದದ್ದು 21 ಸೆಂಟಿಮೀಟರ್ ಕಥೆ. ನೀವು ಸಾಗರದವರಾದ್ದರಿಂದ ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಹೊರಡಿಸುತ್ತದೆ, ಹೀರಿಕೊಳ್ಳುತ್ತದೆ. ಆವರ್ತನ 1420 ಮೆಗಾಹರ್ಟ್ಸ್. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್‌ನಿಂದ ಹೊರಟ ಗುರುತು ನಮಗೆ ತಲುಪುವಷ್ಟರಲ್ಲಿ ವಿಶ್ವವೇ ಹಿಗ್ಗಿರುತ್ತದೆ, ಅಲೆಯೂ ಹಿಗ್ಗಿರುತ್ತದೆ. ಹದಿನೆಂಟು ಪಟ್ಟು ಹಿಗ್ಗಿದರೆ ಆವರ್ತನ 78 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಅಂದರೆ ನಮ್ಮ ಎಫ್‌ಎಂ ಸ್ಟೇಷನ್‌ಗಳಿಗಿಂತ ಚೂರು ಕೆಳಗೆ. 2018ರಲ್ಲಿ ಎಡ್ಜಸ್ ಎಂಬ ತಂಡ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಆಂಟೆನಾದಿಂದ, ಅಲ್ಲೇ ಒಂದು ತಗ್ಗು, ಅಂದರೆ ಹೈಡ್ರೋಜನ್ ಅಲೆಯನ್ನು ಹೀರಿಕೊಂಡ ಗುರುತು, ಕಂಡಿದೆ ಎಂದಿತು. ಅದರ ಆಳ ಸುಮಾರು ಅರ್ಧ ಕೆಲ್ವಿನ್ (ರೇಡಿಯೋ ಅಲೆಯ ಬಲವನ್ನು ಖಗೋಳದವರು ತಾಪಮಾನದ ಲೆಕ್ಕದಲ್ಲೇ ಹೇಳುತ್ತಾರೆ). ಸಿದ್ಧಾಂತದವರು ಎಣಿಸಿದ್ದಕ್ಕಿಂತ ಅದು ಎರಡು ಪಟ್ಟು ಜಾಸ್ತಿ. ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ತಿಳಿಯುವ ದ್ರವ್ಯ, ಏನೋ ಆಟ ಆಡುತ್ತಿದೆ ಅಂತ ಪ್ರಬಂಧಗಳ ಮಳೆಯೇ ಸುರಿಯಿತು.

ಆದರೆ ಆ ಆವರ್ತನದಲ್ಲಿ ನಮ್ಮ ಆಕಾಶಗಂಗೆಯ ಸದ್ದೇ ಸಾವಿರ ಕೆಲ್ವಿನ್‌ಗೂ ಮೇಲೆ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಆಂಟೆನಾದ ಕೆಳಗಿನ ನೆಲವೂ ಸುಮ್ಮನಿರುವುದಿಲ್ಲ. ಮಣ್ಣು, ಅದರಡಿ ಕಲ್ಲು, ನಡುವೆ ತೇವ. ಪ್ರತಿ ಪದರದಿಂದಲೂ ಅಲೆ ತಿರುಗಿ ಬಂದು ಅಳತೆ ಕೆಡಿಸುತ್ತದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು ಇದಕ್ಕೆ ಹುಡುಕಿದ ಉಪಾಯ ನೀರು. ನೀರು ಎಲ್ಲ ಕಡೆ ಒಂದೇ ಸಮ ಅಲ್ವಾ! ಸರಸ್ ಎಂಬ ತಮ್ಮ ಉಪಕರಣವನ್ನು 2020ರಲ್ಲಿ ತೆಪ್ಪದ ಮೇಲಿಟ್ಟು ತೇಲಿಬಿಟ್ಟರು. ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ನಿಮ್ಮ ಶರಾವತಿ ಹಿನ್ನೀರಿನಲ್ಲಿ. 2022ರಲ್ಲಿ ಫಲಿತಾಂಶ ಬಂತು. ಎಡ್ಜಸ್ ಹೇಳಿದ ಆಕಾರದ ತಗ್ಗು ಅಲ್ಲಿ ಇಲ್ಲ, 95.3 ಶೇಕಡಾ ವಿಶ್ವಾಸದೊಂದಿಗೆ.

ಓದಿದಾಗ ಇದು ಗೆದ್ದವರು ಸೋತವರ ಕಥೆ ಅನಿಸುತ್ತದೆ. ಈ ವಿಷಯದ ಮಾತುಗಳಿಗೆ ಹೋಗಿ ಕೂತ ಮೇಲೆ ನನಗೆ ಬೇರೆಯೇ ಕಂಡಿತು. ಪ್ರಶ್ನೆಗಳೆಲ್ಲ ವಿಶ್ವದ ಬಗ್ಗೆ ಅಲ್ಲ, ಕೇಬಲ್ ಬಗ್ಗೆ, ಆಂಟೆನಾದ ಆಕಾರದ ಬಗ್ಗೆ, ಅದರ ತಾಪಮಾನದ ಬಗ್ಗೆ. "ಆ ಅಲೆಯಾಟ ನಿಮ್ಮ ಉಪಕರಣದ್ದೇ ಅಲ್ಲ ಅಂತ ಹೇಗೆ ಗೊತ್ತು?" ಅಂತ ಹಿಂದಿನ ಸಾಲಿನಿಂದ ಯಾರೋ ಕೇಳುತ್ತಾರೆ. ಮಾತಾಡುವವರು ಇನ್ನೊಂದು ಸ್ಲೈಡ್ ತೆಗೆಯುತ್ತಾರೆ. ಒಪ್ಪದವರು ಮತ್ತೆ ಕೇಳುತ್ತಾರೆ. ಪಠ್ಯಪುಸ್ತಕದಲ್ಲಿ ಎಲ್ಲ ಜಗಳವೂ ಮುಗಿದಿರುತ್ತದೆ. ಇಲ್ಲಿ ಇನ್ನೂ ನಡೆಯುತ್ತಿರುತ್ತದೆ.

ಬಿಸಿ ಬಿಸಿ ಇರುವಾಗಲೇ ಹಂಚಿಕೊಳ್ಳುವುದು ಈ ಊರಿಗೆ ಹೊಸದೂ ಅಲ್ಲ. ಸಿ.ವಿ. ರಾಮನ್ ಅವರು ರಾಮನ್ ಪರಿಣಾಮವನ್ನು, ಅಂದರೆ ಚದುರಿದ ಬೆಳಕಿನಲ್ಲಿ ಬಣ್ಣ ಬದಲಾಗುವುದನ್ನು, ಕಂಡದ್ದು 1928ರ ಫೆಬ್ರವರಿ 28, ಕೋಲ್ಕತ್ತಾದಲ್ಲಿ. ಅದರ ಬಗ್ಗೆ ಅವರ ಪ್ರಸಿದ್ಧ ಉಪನ್ಯಾಸ ಮಾರ್ಚ್ 16, ಬೆಂಗಳೂರಿನಲ್ಲಿ. ನಡುವೆ ಮೂರು ವಾರವೂ ಇಲ್ಲ.

ತಯಾರಿ ಜಾಸ್ತಿ ಬೇಡ. ಸೂಚನೆಯ ಜೊತೆ ಅಬ್‌ಸ್ಟ್ರಾಕ್ಟ್, ಅಂದರೆ ಮಾತಿನ ಸಾರಾಂಶ, ಇರುತ್ತದೆ. ಅದನ್ನು ಎರಡು ಸಲ ಓದಿ, ಗೊತ್ತಿಲ್ಲದ ಪದಗಳಲ್ಲಿ ಮೂರನ್ನು ಮಾತ್ರ ಹುಡುಕಿ. ಎಲ್ಲವನ್ನೂ ಹುಡುಕಲು ಹೋದರೆ ಸಂಜೆಯೇ ಆಗಿಬಿಡುತ್ತದೆ. ಆರ್ಕೈವ್ (arXiv) ಎಂಬ ಜಾಲತಾಣದಲ್ಲಿ ಅವರದೇ ಪ್ರಬಂಧ ಬಿಟ್ಟಿಯಾಗಿ ಸಿಗುವ ಸಾಧ್ಯತೆ ಹೆಚ್ಚು. ಪೂರ್ತಿ ಓದಬೇಡಿ, ಪೀಠಿಕೆ ಮತ್ತು ಮೊದಲ ಚಿತ್ರ ಸಾಕು. ಒಳಗೆ ನೋಟ್ಸ್ ಬರೆಯುವುದಾದರೆ ಸ್ಲೈಡ್‌ನಲ್ಲಿರುವ ಸಮೀಕರಣ ಬರೆಯಬೇಡಿ, ಜನ ಕೇಳಿದ ಪ್ರಶ್ನೆಗಳನ್ನು ಬರೆದುಕೊಳ್ಳಿ. ನಿಮ್ಮ ಪ್ರಶ್ನೆಯನ್ನು ಸಭೆಯಲ್ಲಿ ಕೇಳಲು ಧೈರ್ಯ ಬರದಿದ್ದರೆ ಚಹಾದ ಹೊತ್ತಿಗೆ ಕೇಳಿ.

ಮನೆಯಲ್ಲೇ ಕೂತು ಅಭ್ಯಾಸ ಮಾಡಿಕೊಳ್ಳುವುದಾದರೆ, ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿರುವ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನದ ಕೇಂದ್ರ ತನ್ನ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ. 'ಕಾಪಿ ವಿತ್ ಕ್ಯೂರಿಯಾಸಿಟಿ' ಅಂತ ಜನಸಾಮಾನ್ಯರಿಗಾಗಿಯೇ ಅವರದೊಂದು ಸರಣಿ ಇದೆ, ಅದರಿಂದ ಶುರು ಮಾಡಿ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಐಐಎಸ್ಸಿಯ ಭೌತಶಾಸ್ತ್ರ ವಿಭಾಗ, ಇವೆರಡರ ಪಟ್ಟಿಯನ್ನೂ ವಾರಕ್ಕೊಮ್ಮೆ ನೋಡುತ್ತಿರಿ.

ಬರುವ ಹಿಂದಿನ ದಿನ ಮಾತ್ರ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದು ಸಲ ನಾನು ಎರಡು ಬಸ್ ಬದಲಿಸಿ ಒಂದು ಸಂಸ್ಥೆಗೆ ಹೋದರೆ ಸಭಾಂಗಣಕ್ಕೆ ಬೀಗ ಹಾಕಿತ್ತು. ಮಾತು ಬೆಳಿಗ್ಗೆಯೇ ಜೂಮ್‌ಗೆ ಬದಲಾಗಿತ್ತಂತೆ. ನಾನು ಊರಲ್ಲೇ ಇದ್ದವನು, ಬೈದುಕೊಂಡು ಮನೆಗೆ ಹೋದೆ. ನೀವು ಸಾಗರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬೇಕು.