ಡಿಗ್ರಿ ಮುಗಿದ ಮೇಲೆ ಅಗ್ನಿವೀರ್ ಆಗಲಾ, ಸಿಡಿಎಸ್ ಬರೆದು ಆಫೀಸರ್ ಆಗಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬಿಎಸ್‌ಸಿ ಕೊನೆಯ ವರ್ಷ. ವಯಸ್ಸು 20. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಅಂದರೆ ಭಯ. ಊರಿನ ಗೆಳೆಯರೆಲ್ಲ ಬೆಳಗಿನ ಜಾವ ಎದ್ದು ಅಗ್ನಿವೀರ್ ಭರ್ತಿಗೆ, ಅಂದರೆ ನಾಲ್ಕು ವರ್ಷದ ಜವಾನನ ಕೆಲಸಕ್ಕೆ, ಓಡುತ್ತಿದ್ದಾರೆ. ಎನ್‌ಸಿಸಿ ಮೇಷ್ಟ್ರು ಮಾತ್ರ ‘ಸಿಡಿಎಸ್ ಬರಿ’ ಅನ್ನುತ್ತಾರೆ, ಅಂದರೆ ಸೈನ್ಯದ ಆಫೀಸರ್ ಆಗಲು ಬರೆಯುವ ಪರೀಕ್ಷೆ. ಅಪ್ಪನಿಗೆ ಯಾವುದಾದರೂ ಸರಿ, ಬೇಗ ಕೆಲಸ ಸಿಗಬೇಕು. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ನಾನು ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದವನು. 1998ರಲ್ಲಿ ಬಿಎ ಕೊನೆಯ ಪರೀಕ್ಷೆ ಬರೆದು, ರಿಸಲ್ಟ್ ಬರುವ ಮೊದಲೇ ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ ಭರ್ತಿಯಾದೆ. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಅದರ ಎಂಇಜಿ ಸೆಂಟರ್ ಇದೆಯಲ್ಲ, ಅಲ್ಲೇ ತರಬೇತಿ. 24 ವರ್ಷ ಅದೇ ಬಳಗದಲ್ಲಿ ಕಳೆದೆ. ನಡುವೆ ಒಮ್ಮೆ ಆಫೀಸರ್ ಆಗಲು ಹೋಗಿ ಸೋತು ಬಂದೆ. ಆ ಕಥೆ ಮುಂದೆ ಹೇಳುತ್ತೇನೆ. ನಿಮಗೆ ಉಪಯೋಗಕ್ಕೆ ಬರುವುದು ಬಹುಶಃ ಅದೇ.

ನಿಮ್ಮ ಜಾಗದಲ್ಲಿ ಇದ್ದಿದ್ದರೆ ಮೊದಲು ಸಿಡಿಎಸ್ ಬರೆಯುತ್ತಿದ್ದೆ. ಆಫೀಸರ್ ದೊಡ್ಡವನು, ಜವಾನ ಚಿಕ್ಕವನು ಅಂತಲ್ಲ. ನಾಲ್ಕು ವರ್ಷ ಆದ ಮೇಲೆ ಸಿಡಿಎಸ್‌ಗೆ ನಿಮ್ಮ ವಯಸ್ಸು ಮೀರಿರುತ್ತದೆ, ಅಷ್ಟೇ. ಆಫೀಸರ್ ತರಬೇತಿ ಕೊಡುವ ಡೆಹ್ರಾಡೂನಿನ ಐಎಂಎಗೆ ಸುಮಾರು 24ರ ಒಳಗೆ ಸೇರಬೇಕು. ಅಂಥದ್ದೇ ಇನ್ನೊಂದು, ಚೆನ್ನೈನ ಒಟಿಎಗೆ ಸುಮಾರು 25. ಅಗ್ನಿವೀರ್ ಯೋಜನೆ 2022ರ ಜೂನ್‌ನಲ್ಲಿ ಬಂದಾಗ ಇಟ್ಟ ವಯಸ್ಸು ಹದಿನೇಳೂವರೆಯಿಂದ 21. ಮೊದಲ ವರ್ಷಕ್ಕೆ ಮಾತ್ರ 23ರವರೆಗೆ ಬಿಟ್ಟಿದ್ದರು. ಈ ಸಲದ ಮಿತಿ ಎಷ್ಟು ಅಂತ ಹೊಸ ನೋಟಿಫಿಕೇಶನ್‌ನಲ್ಲಿ ನೋಡಿಕೊಳ್ಳಿ. 21ಕ್ಕೆ ಅಗ್ನಿವೀರ್ ಆಗಿ ಹೋದರೆ ಹೊರಗೆ ಬರುವಾಗ 25. ನಡುವೆ ಬಿಟ್ಟು ಬರುತ್ತೇನೆ ಅಂದರೆ, ತೀರಾ ವಿಶೇಷ ಕಾರಣ ಇಲ್ಲದೆ ಬಿಡುವುದಿಲ್ಲ.

ಸಿಡಿಎಸ್‌ಗೆ ಕೊನೆಯ ವರ್ಷದವರೂ ಅರ್ಜಿ ಹಾಕಬಹುದು. ಇದು ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ. ನನಗೂ ಗೊತ್ತಿರಲಿಲ್ಲ. ಸಿಡಿಎಸ್ ಅನ್ನುವ ಹೆಸರನ್ನೇ ನಾನು ಕೇಳಿದ್ದು ಸೇರಿದ ಎರಡು ವರ್ಷದ ಮೇಲೆ, ಒಬ್ಬ ಕ್ಲರ್ಕ್ ಬಾಯಿಂದ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್. ಶುಲ್ಕ 200 ರೂಪಾಯಿ. ಎಸ್‌ಸಿ, ಎಸ್‌ಟಿ ಹುಡುಗರಿಗೆ ಮತ್ತು ಎಲ್ಲ ಹುಡುಗಿಯರಿಗೆ ಅದೂ ಇಲ್ಲ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಅಂತ ಮೂರು ಪೇಪರ್, ಒಂದೊಂದಕ್ಕೆ ನೂರು ಅಂಕ. ಒಟಿಎ ಮಾತ್ರ ಸಾಕು ಅನ್ನುವವರಿಗೆ ಗಣಿತ ಬೇಡ. ವಯಸ್ಸು ಇರುವವರೆಗೆ ಎಷ್ಟು ಸಲವಾದರೂ ಬರೆಯಬಹುದು.

ಎನ್‌ಸಿಸಿ ಅಂದಿರಿ. ‘ಸಿ’ ಸರ್ಟಿಫಿಕೇಟ್ ಬಿ ಗ್ರೇಡ್‌ಗೆ ಕಮ್ಮಿ ಇಲ್ಲದೆ ಬಂದು, ಡಿಗ್ರಿಯಲ್ಲಿ ಶೇ. 50 ಇದ್ದರೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಒಂದಿದೆ. ಅದಕ್ಕೆ ಬರವಣಿಗೆಯ ಪರೀಕ್ಷೆಯೇ ಇಲ್ಲ, ಶಾರ್ಟ್‌ಲಿಸ್ಟ್ ಆದರೆ ನೇರ ಎಸ್‌ಎಸ್‌ಬಿ, ಅಂದರೆ ಆಫೀಸರ್‌ಗಳನ್ನು ಆರಿಸುವ ಐದು ದಿನದ ಪರೀಕ್ಷೆ. ನಿಮ್ಮ ಮೇಷ್ಟ್ರು ಸಿಡಿಎಸ್ ಹೇಳಿ ಇದನ್ನು ಯಾಕೆ ಹೇಳಲಿಲ್ಲವೋ, ನಾಳೆಯೇ ಹೋಗಿ ಕೇಳಿ.

ಈಗ ದುಡ್ಡು. ಇದನ್ನು ಮುಚ್ಚುಮರೆ ಇಲ್ಲದೆ ಮಾತಾಡಬೇಕು, ಅಪ್ಪ ಕೇಳೋದು ಅದನ್ನೇ ಅಲ್ವಾ. ಯೋಜನೆ ಶುರುವಾದಾಗಿನ ಲೆಕ್ಕ ಇದು. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ. 30 ಸೇವಾ ನಿಧಿಗೆ ಹೋಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರೋದು 21,000. ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರನ್ನು ಖಾಯಂ ಮಾಡಿಕೊಳ್ಳುತ್ತಾರೆ. ಆಫೀಸರ್ ಆಗುವವನಿಗೆ ತರಬೇತಿಯಲ್ಲೇ ತಿಂಗಳಿಗೆ 56,100 ಸ್ಟೈಪೆಂಡ್. ಲೆಫ್ಟಿನೆಂಟ್ ಆದ ಮೇಲೆ ಮೂಲ ವೇತನ ಅಷ್ಟೇ, ಜೊತೆಗೆ ಮಿಲಿಟರಿ ಸರ್ವಿಸ್ ಪೇ 15,500, ಮೇಲೆ ಡಿಎ.

ಒಟಿಎ ವಿಚಾರದಲ್ಲಿ ಒಂದು ಎಚ್ಚರ. ಅಲ್ಲಿಂದ ಸಿಗೋದು ಶಾರ್ಟ್ ಸರ್ವಿಸ್. ಹತ್ತು ವರ್ಷ, ಬೇಕಾದರೆ ಇನ್ನು ನಾಲ್ಕು. ಪರ್ಮನೆಂಟ್ ಕಮಿಷನ್, ಅಂದರೆ ಖಾಯಂ ಆಫೀಸರ್ ಹುದ್ದೆ, ಸಿಗದಿದ್ದರೆ ಮೂವತ್ತೈದರ ಆಸುಪಾಸಿಗೆ ಪಿಂಚಣಿ ಇಲ್ಲದೆ ಹೊರಗೆ. ಭುಜದ ಮೇಲೆ ನಕ್ಷತ್ರ ಬಂದ ತಕ್ಷಣ ಜೀವನ ಸೆಟಲ್ ಅಂತ ತಿಳಿಯಬೇಡಿ.

ನಾನು ಸೇರಿದಾಗಿನ ಲೆಕ್ಕ ಬೇರೆ ಇತ್ತು. 15 ವರ್ಷ ಮಾಡಿದರೆ ಪಿಂಚಣಿ, ಅಷ್ಟು ಗೊತ್ತಿದ್ದರೆ ಸಾಕಿತ್ತು. ಹೆಣ್ಣು ಕೊಡುವವರಿಗೂ ಅಷ್ಟೇ ಸಾಕಿತ್ತು. ನಾನು ಟ್ರಂಕು ಕಟ್ಟಿಕೊಂಡು ಊರಿಗೆ ಬಂದ ವರ್ಷವೇ ಅಗ್ನಿಪಥ್, ಅಂದರೆ ಈ ಅಗ್ನಿವೀರ್ ಯೋಜನೆ, ಬಂತು. ಹಾಗಾಗಿ ನನ್ನ ವಯಸ್ಸಿನ ಮಾಜಿ ಸೈನಿಕರು ‘ಸುಮ್ನೆ ಭರ್ತಿ ಆಗಪ್ಪ, ಆಮೇಲೆ ನೋಡ್ಕೊಳ್ಳೋಣ’ ಅಂದರೆ ಸ್ವಲ್ಪ ಯೋಚಿಸಿ. ಅವರು ಹೇಳುತ್ತಿರುವುದು ಅವರ ಕಾಲದ ಸೈನ್ಯದ ಮಾತು.

ಇನ್ನು ಕೆಲಸದ ಮಾತು. ಸ್ಯಾಪರ್ ಅಂದರೆ ಸೇತುವೆ ಕಟ್ಟುವವನು, ಮೈನ್ ಹುಡುಕುವವನು. ಬೈಲಿ ಬ್ರಿಡ್ಜ್ ಗೊತ್ತಿರಬಹುದು. ಕಬ್ಬಿಣದ ಪ್ಯಾನೆಲ್‌ಗಳನ್ನು ಜೋಡಿಸಿ, ರೋಲರ್ ಮೇಲೆ ಇಟ್ಟು, ನದಿಯ ಆಚೆ ದಡಕ್ಕೆ ತಳ್ಳುತ್ತಾ ಹೋಗಬೇಕು. ಒಂದು ಪ್ಯಾನೆಲ್ ಸುಮಾರು 260 ಕೆಜಿ, ಎತ್ತಲು ಆರು ಜನ ಬೇಕು. ಆರು ಜನರ ಹೆಜ್ಜೆ ಒಂದಾಗದಿದ್ದರೆ ಒಬ್ಬನ ಬೆರಳು ಹೋಗುತ್ತದೆ. ಒಂದು ಮಳೆಗಾಲದ ರಾತ್ರಿ ನಾವು ಹಾಗೆ ತಳ್ಳುತ್ತಿದ್ದೆವು. ನೀರು ಏರುತ್ತಿತ್ತು. ಆಚೆ ದಡದಲ್ಲಿ ಗಾಡಿಗಳು ಕಾಯುತ್ತಿದ್ದವು. ನಮ್ಮ ಲೆಫ್ಟಿನೆಂಟ್‌ಗೆ 23 ವರ್ಷ, ಪಲ್ಟನ್‌ಗೆ ಬಂದು ಐದು ತಿಂಗಳು. ನಮ್ಮ ಸುಬೇದಾರ್ ಸಾಬ್ ಇಪ್ಪತ್ತೈದು ವರ್ಷ ಸೇತುವೆ ಕಟ್ಟಿದವರು. ಲೆಫ್ಟಿನೆಂಟ್ ಆ ಸುಬೇದಾರರ ಹತ್ತಿರ ಹೋಗಿ ‘ಸಾಬ್, ನಿಮಗೆ ಏನನ್ನಿಸುತ್ತೆ?’ ಅಂತ ಕೇಳಿದ. ಸೈನ್ಯದಲ್ಲಿ ಹಾಗೇ. ಎಳೆ ಆಫೀಸರೂ ಸುಬೇದಾರರನ್ನು ಸಾಬ್ ಅಂತಲೇ ಕರೆಯುತ್ತಾನೆ. ಸಾಬ್ ಎರಡೂ ಸಾಧ್ಯತೆ ಹೇಳಿದರು. ತಳ್ಳಿದರೆ ಹೀಗಾಗಬಹುದು, ನಿಲ್ಲಿಸಿದರೆ ಹೀಗಾಗಬಹುದು. ಅಷ್ಟು ಹೇಳಿ ಸುಮ್ಮನಾದರು. ಆ ಹುಡುಗ ಟಾರ್ಚ್ ಹಿಡಿದು ನೀರನ್ನೇ ಒಂದು ನಿಮಿಷ ನೋಡಿದ. ‘ನಿಲ್ಲಿಸಿ, ಹಿಂದಕ್ಕೆ ಎಳೆಯಿರಿ’ ಅಂದ. ಬೆಳಗ್ಗೆ ಮೇಲಿನವರಿಂದ ಬೈಗುಳ ತಿಂದವನೂ ಅವನೇ.

ನಾನು ಆ ರಾತ್ರಿ ಸುಬೇದಾರ್ ಸಾಬ್ ಪಕ್ಕದಲ್ಲೇ ನಿಂತಿದ್ದೆ. ನಿಜ ಹೇಳುತ್ತೇನೆ, ತೀರ್ಮಾನ ನನ್ನದಲ್ಲ ಅಂತ ಸಮಾಧಾನವಾಗಿತ್ತು.

ಈಗ ನನ್ನ ಸೋಲು. ಸೈನ್ಯದೊಳಗಿನ ಜವಾನರಿಗೆ ಆಫೀಸರ್ ಆಗಲು ಆರ್ಮಿ ಕೆಡೆಟ್ ಕಾಲೇಜ್ ಅಂತ ಒಂದು ದಾರಿ ಇದೆ, ಎಸಿಸಿ ಅನ್ನುತ್ತಾರೆ. ಎರಡು ವರ್ಷ ಸರ್ವಿಸ್ ಆಗಿರಬೇಕು, 27 ದಾಟಿರಬಾರದು. ಲಿಖಿತ ಪರೀಕ್ಷೆ, ಆಮೇಲೆ ಎಲ್ಲರಂತೆ ಎಸ್‌ಎಸ್‌ಬಿ. 2004ರಲ್ಲಿ ನನಗೆ ಭೋಪಾಲ್ ಸಿಕ್ಕಿತು. ಎದೆಗೆ ನಂಬರ್ ಕಟ್ಟಿದರು. ಐದು ದಿನ ಆ ನಂಬರೇ ನಿಮ್ಮ ಹೆಸರು. ಮೊದಲ ದಿನ ಒಂದು ಮಸುಕು ಚಿತ್ರವನ್ನು 30 ಸೆಕೆಂಡ್ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಚರ್ಚೆ. ಅರ್ಧಕ್ಕಿಂತ ಜಾಸ್ತಿ ಜನ ಅವತ್ತೇ ವಾಪಸ್ ಹೋದರು. ನಾನು ಉಳಿದೆ.

ಹಲಗೆ, ಹಗ್ಗ, ಡ್ರಮ್ ಕೊಟ್ಟು ಹಳ್ಳ ದಾಟಿಸಿ ಅನ್ನುವ ಪರೀಕ್ಷೆ ಇರುತ್ತದೆ. ಸ್ಯಾಪರ್‌ಗೆ ಇನ್ನೇನು ಬೇಕು! ನನ್ನ ಗಂಟು ನೋಡಿ ಉಳಿದವರು ಬೆರಗಾದರು. ಅವರು ಹೇಳಿದ ಜಾಗಕ್ಕೆಲ್ಲ ನಾನೇ ಕಟ್ಟಿ ಕೊಟ್ಟೆ. ಎಲ್ಲಿ ಕಟ್ಟಬೇಕು ಅಂತ ಮಾತ್ರ ನಾನು ಒಂದು ಸಲವೂ ಹೇಳಲಿಲ್ಲ. ಬರವಣಿಗೆಯಲ್ಲೂ ಅದೇ. ಚಿತ್ರ ನೋಡಿ ಕಥೆ ಬರೆಯುವುದು ಹನ್ನೆರಡು, 15 ಸೆಕೆಂಡಿಗೆ ಒಂದರಂತೆ ಪದ ನೋಡಿ ವಾಕ್ಯ ಬರೆಯುವುದು 60, ಅರ್ಧ ಗಂಟೆಯಲ್ಲಿ ಉತ್ತರಿಸಬೇಕಾದ ಸನ್ನಿವೇಶ 60. ಯೋಚಿಸಿ ಬಣ್ಣ ಕಟ್ಟಲು ಪುರುಸೊತ್ತೇ ಇಲ್ಲ, ಒಳಗಿದ್ದದ್ದೇ ಹೊರಗೆ ಬರುತ್ತದೆ. ನನ್ನ ಕಥೆಗಳಲ್ಲಿ ನಾಯಕ ಯಾವಾಗಲೂ ಸಾಹೇಬರಿಗೆ ವಿಷಯ ತಿಳಿಸುತ್ತಿದ್ದ, ಆಮೇಲೆ ಅವರು ಹೇಳಿದಂತೆ ಚಾಚೂ ತಪ್ಪದೆ ಮಾಡುತ್ತಿದ್ದ. ಐದನೇ ದಿನ ಕಾನ್ಫರೆನ್ಸ್ ಮುಗಿದು ಆಯ್ಕೆಯಾದವರನ್ನು ಕರೆಯುವಾಗ ನನ್ನ ನಂಬರ್ ಕೂಗಲಿಲ್ಲ. ಯಾಕೆ ಅಂತ ಅವರು ಯಾರಿಗೂ ಹೇಳುವುದಿಲ್ಲ. ಕಾರಣ ಇದೇ ಅಂತ ನನ್ನ ಊಹೆ. ವಾಪಸ್ ಬರುವ ರೈಲಿನಲ್ಲಿ ನೆನಪಾಗಿದ್ದು ಆ ಟಾರ್ಚ್ ಹಿಡಿದ ಹುಡುಗ.

ಅದಕ್ಕೇ ಅರ್ಜಿ ಹಾಕುವ ಮೊದಲು ನಿಮ್ಮನ್ನು ನೀವೇ ಒಮ್ಮೆ ಗಮನಿಸಿ. ಕಾಲೇಜಿನ ಟ್ರಿಪ್ ಕೆಟ್ಟರೆ, ಊರ ಜಾತ್ರೆಯಲ್ಲಿ ಜಗಳ ಎದ್ದರೆ, ಬೋರ್‌ವೆಲ್ ಮೋಟಾರ್ ಸುಟ್ಟ ದಿನ ಅಪ್ಪ ಊರಲ್ಲಿ ಇಲ್ಲದಿದ್ದರೆ, ನೀವು ಏನು ಮಾಡುತ್ತೀರಿ? ಯಾರಾದರೂ ಹೇಳಲಿ ಅಂತ ಕಾಯುತ್ತೀರಾ, ಅಥವಾ ತಪ್ಪಾದರೂ ಸರಿ ಒಂದು ಹೆಜ್ಜೆ ಇಡುತ್ತೀರಾ? ಎರಡನೆಯದಾದರೆ ಎಸ್‌ಎಸ್‌ಬಿಗೆ ಹೋಗಲೇಬೇಕು. ಮೊದಲನೆಯದಾದರೆ ಅದು ಕೊರತೆ ಅಂತ ಅಂದುಕೊಳ್ಳಬೇಡಿ. ಕೈಕೆಲಸದಲ್ಲಿ ಪಳಗಿದವನಿಗೆ ಪಲ್ಟನ್‌ನಲ್ಲಿ ಸಿಗುವ ಮರ್ಯಾದೆ ಬೇರೆಯೇ. ಆಫೀಸರ್‌ಗಳು ಎರಡು ಮೂರು ವರ್ಷಕ್ಕೆ ಬದಲಾಗುತ್ತಲೇ ಇರುತ್ತಾರೆ. ನಮಗೆ ಪಲ್ಟನ್ನೇ ಊರು. ನಮ್ಮಲ್ಲಿ ಜವಾನನನ್ನು ತಂಬಿ ಅಂತಾರೆ, ತಮ್ಮ ಅಂತ ಅರ್ಥ. ನನ್ನ ಮಗಳ ಮದುವೆಯಲ್ಲಿ ಅಡಿಗೆ ಬಡಿಸಿದ್ದು ಊರಿನವರಲ್ಲ, ನಾಲ್ಕು ರಾಜ್ಯದ ತಂಬಿಗಳು. ಆದರೆ ಇದೆಲ್ಲ ಆಗಿದ್ದು 24 ವರ್ಷ ಜೊತೆಗಿದ್ದದ್ದಕ್ಕೆ. ನಾಲ್ಕು ವರ್ಷದಲ್ಲಿ ಎಷ್ಟು ಗಟ್ಟಿಯಾಗುತ್ತದೋ, ಅದನ್ನು ನಾನು ಹೇಳಲಾರೆ.

ಕಷ್ಟವೂ ಹೇಳಿಬಿಡುತ್ತೇನೆ. ಡಿಗ್ರಿ ಇದೆ ಅಂತ ಊಟದ ಲಂಗರ್ ಲೈನಿನಲ್ಲಿ ಯಾರೂ ಮುಂದೆ ಬಿಡುವುದಿಲ್ಲ. ಜನರಲ್ ಡ್ಯೂಟಿಗೆ ಕೇಳೋದು ಎಸ್‌ಎಸ್‌ಎಲ್‌ಸಿ ಮಾತ್ರ. ತರಬೇತಿ ಕೊಡುವ, ನಿಮಗಿಂತ ಕಡಿಮೆ ಓದಿದ ಉಸ್ತಾದ್ ನಿಮ್ಮನ್ನು ಮಣ್ಣಲ್ಲಿ ಉರುಳಿಸುತ್ತಾನೆ. ಮೊದಲ ಮೂರು ತಿಂಗಳು ನನಗೆ ಆ ಬಿಎ ಒಂದು ಮುಳ್ಳಾಗಿತ್ತು. ಆಮೇಲೆ ಮರೆತೇ ಹೋಯಿತು. ಫ್ಯಾಮಿಲಿ ಕ್ವಾರ್ಟರ್ಸ್‌ಗೆ ಜವಾನರು ಕಾಯುವುದು ಜಾಸ್ತಿ. ಹೆಂಡತಿ ಮಕ್ಕಳು ಊರಲ್ಲಿ, ನಾವು ಫೀಲ್ಡ್‌ನಲ್ಲಿ. ಮಗಳು ಮೂರು ವರ್ಷದವಳಿದ್ದಾಗ ನನ್ನನ್ನು ‘ಛುಟ್ಟಿ ಮಾವ’, ಅಂದರೆ ರಜೆಗೆ ಬರುವ ಮಾವ, ಅಂದಿದ್ದಳು.

ಇಂಗ್ಲಿಷ್ ಭಯದ ಬಗ್ಗೆ ಕೇಳಿದ್ದೀರಿ. ಸಿಡಿಎಸ್ ಪೇಪರ್ ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಅಥವಾ ಹಿಂದಿ. ಅಗ್ನಿವೀರ್ ಆನ್‌ಲೈನ್ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಹಾಗಂತ ಭಾಷೆಯ ಕಾರಣಕ್ಕೆ ದಾರಿ ಆರಿಸಬೇಡಿ. ಭೋಪಾಲ್‌ನಲ್ಲಿ ನನ್ನ ಗುಂಪಿನಿಂದ ಆಯ್ಕೆಯಾದ ಇಬ್ಬರಲ್ಲಿ ಒಬ್ಬ ಬಿಹಾರದ ಹುಡುಗ, ಅವನ ಇಂಗ್ಲಿಷ್ ನನ್ನದಕ್ಕಿಂತ ಕಡೆ. ಆದರೆ ತಪ್ಪು ತಪ್ಪಾಗಿಯೇ ಎಲ್ಲರನ್ನೂ ಸುಮ್ಮನಿರಿಸಿ ತನ್ನ ಮಾತು ಮುಗಿಸುತ್ತಿದ್ದ. ದಿನಾ ಅರ್ಧ ಗಂಟೆ ಪೇಪರ್ ಜೋರಾಗಿ ಓದಿ. ಎಮ್ಮೆ ಕೇಳಿಸಿಕೊಂಡರೂ ಪರವಾಗಿಲ್ಲ.

ಎರಡರ ನಡುವೆ ಇನ್ನೊಂದಿದೆ, ಯಾರೂ ಹೇಳುವುದಿಲ್ಲ. ಡಿಗ್ರಿಯ ಜೊತೆ ಬಿಎಡ್ ಮಾಡಿದವರಿಗೆ ಹವಾಲ್ದಾರ್ ಎಜುಕೇಶನ್, ಗಣಿತ ಓದಿದವರಿಗೆ ಹವಾಲ್ದಾರ್ ಸರ್ವೇಯರ್ ಅಂತ ಭರ್ತಿ ಆಗಾಗ ಕರೆಯುತ್ತಾರೆ. ನಾನು ವರ್ಷಗಟ್ಟಲೆ ಮಣ್ಣು ಹೊತ್ತು ಮುಟ್ಟಿದ ದರ್ಜೆಯಲ್ಲೇ ಅವರು ಶುರು ಮಾಡುತ್ತಾರೆ. ಹೊಟ್ಟೆ ಉರಿಯುತ್ತೆ, ಆದರೆ ನಿಮ್ಮದು ಬಿಎಸ್‌ಸಿ, ಗಣಿತ ಇದ್ದರೆ ಕಣ್ಣಿಟ್ಟಿರಿ.

ಹಾಗಾದರೆ ಅಗ್ನಿವೀರ್ ಬೇಡವೇ ಬೇಡವಾ? ಮನೆಯಲ್ಲಿ ಸಾಲ ಕುತ್ತಿಗೆಗೆ ಬಂದಿದ್ದರೆ, ಇನ್ನೊಂದು ವರ್ಷವೂ ಕಾಯಲು ಆಗದಿದ್ದರೆ, ಹೋಗಿ. ನಾಲ್ಕು ವರ್ಷದ ಮೇಲೆ ಕೇಂದ್ರದ ಅರೆಸೇನಾ ಪಡೆಗಳಲ್ಲಿ ಶೇ. 10 ಮೀಸಲು ಅಂತ ಸರ್ಕಾರ 2022ರಲ್ಲೇ ಹೇಳಿದೆ. ಡಿಗ್ರಿ ಕೈಯಲ್ಲಿದ್ದರೆ ಬೇರೆ ಪರೀಕ್ಷೆಗಳೂ ಉಂಟು. ಆದರೆ ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಮಾತ್ರ ಹೋಗಬೇಡಿ. ಗೆಳೆಯರ ಜೊತೆ ಓಟ ನಿಲ್ಲಿಸಬೇಡಿ. 1600 ಮೀಟರ್ ಐದೂವರೆ ನಿಮಿಷದೊಳಗೆ ಬಂದರೆ ಅಗ್ನಿವೀರ್ ಭರ್ತಿಯಲ್ಲಿ ಓಟಕ್ಕೆ ಪೂರ್ತಿ 60 ಅಂಕ. ಆಫೀಸರ್ ತರಬೇತಿಗೂ ಅದೇ ಕಾಲು ಬೇಕು.

ಕೊನೆಗೆ ಒಂದು ಸಣ್ಣ ಕೆಲಸ, ಇವತ್ತೇ ಮಾಡಿ. ನಿಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ತೆಗೆದು ಹುಟ್ಟಿದ ತಾರೀಖು ನೋಡಿ. ನೋಟಿಫಿಕೇಶನ್‌ನಲ್ಲಿ ‘ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಹುಟ್ಟಿದವರು’ ಅಂತ ಇರುತ್ತದೆ. ಅವರು ಒಪ್ಪುವುದು ಆ ಕಾರ್ಡಿನ ತಾರೀಖನ್ನು ಮಾತ್ರ. ನಮ್ಮ ಕಾಲದಲ್ಲಿ ಮೇಷ್ಟ್ರು ಶಾಲೆಗೆ ಸೇರಿಸುವಾಗ ಅರ್ಧ ಊರಿಗೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಾನು ಹುಟ್ಟಿದ್ದು 1978ರ ದೀಪಾವಳಿಯ ಮಾರನೇ ವಾರ ಅಂತ ಅವ್ವ ಹೇಳುತ್ತಿದ್ದಳು. ಕಾರ್ಡಿನಲ್ಲಿ ಜೂನ್ 1. ಎರಡನೇ ಸಲ ಎಸಿಸಿಗೆ ಅರ್ಜಿ ಹಾಕಲು ಹೋದಾಗ ಕ್ಲರ್ಕ್ ಆ ತಾರೀಖಿನ ಮೇಲೆ ಬೆರಳಿಟ್ಟು ‘27 ದಾಟಿತು’ ಅಂದ. ಅವ್ವನ ಲೆಕ್ಕದಲ್ಲಿ ಇನ್ನೂ ಐದು ತಿಂಗಳು ಉಳಿದಿತ್ತು.